ಸಣ್ಣ ಉರಿಯ ಮೇಲೆ ಕಂದಕದ ಮಣ್ಣು

ಯುದ್ಧದ ಕಂದಕದ ಮಣ್ಣನ್ನು ರವೆ ಹುರಿದ ಹಾಗೆ ಸಣ್ಣ ಉರಿಯಲ್ಲೇ ಹುರಿಯಬೇಕು. ಉರಿ ಜೋರಾದರೆ ಅದರೊಳಗಿನ ಸಿಪಾಯಿಗಳ ದನಿಗಳು ಒಂದರ ಮೇಲೊಂದು ಬಿದ್ದು ಚೀರುತ್ತವೆ. ಒಮ್ಮೆ ಹುರಿದ ಮಣ್ಣು ಮತ್ತೆ ಮಾತಾಡುವುದಿಲ್ಲ. ಹಾಗಾಗಿ ಸರಕಾರ ಕಳಿಸಿದ ಹಿಡಿ ಮಣ್ಣನ್ನು ಬಾಣಲೆಗೆ ಸುರಿಯುವ ಮೊದಲು ನೀಲವ್ವಜ್ಜಿ ಉರಿಯನ್ನು ಎರಡು ಸಲ ತಗ್ಗಿಸಿದಳು. ಅವಳು ಹುಟ್ಟುವ ಮೊದಲೇ ಅಪ್ಪ ಆ ಕಂದಕದಲ್ಲಿ ಸತ್ತಿದ್ದ. ಅವನ ದನಿ ಹೇಗಿತ್ತೆಂದು ಅವಳಿಗೆ ಗೊತ್ತಿರಲಿಲ್ಲ.

"ಅಷ್ಟು ಮಂದಿಯೊಳಗ ನಿಮ್ಮಪ್ಪ ಯಾರಂತ ಹೆಂಗ ಗೊತ್ತಾಗ್ತದ, ಆಯಿ?" ಮೊಮ್ಮಗಳು ಶಾಂಭವಿ ಕೇಳಿದಳು.

"ಗೊತ್ತಾಗಲಿಲ್ಲಂದ್ರ ಎಲ್ಲಾರೂ ನಮ್ಮಪ್ಪಂದಿರು ಅಂತೀನಿ. ನೀ ಸೌಟು ಆಡಿಸು."

ಮಣ್ಣು ಬಿಸಿಯಾಯಿತು. ಒಬ್ಬ ನೀರು ಕೇಳಿದ. ಒಬ್ಬ ಕೆಮ್ಮಿದ. ಇನ್ನೊಬ್ಬ ಸಾಹೇಬನ ಮೂಗಿನ ದನಿಯನ್ನು ಅಣಕಿಸುತ್ತ, "ತಲಿ ಎತ್ತಬ್ಯಾಡ್ರಿ, ಟೊಪ್ಪಿಗಿ ಸರಕಾರದ್ದು" ಎಂದ. ಕಂದಕವೆಲ್ಲ ನಕ್ಕಿತು. ಅದೇ ದನಿ ಹೇಸರಗತ್ತೆಯ ಹಾಗೆ ಒದರಿತು. ಆಮೇಲೆ ಊರು ನೆನಪಾಯಿತೇನೋ, ನಾಲಿಗೆ ಹೊರಳಿಸಿ, "ಹುರ್ರ್ಯೋ, ಬಾ ನಮ್ಮವ್ವ, ಬಾ" ಎಂದು ಎಮ್ಮೆಯನ್ನು ಕರೆಯಿತು.

ನೀಲವ್ವಜ್ಜಿ ಕುಂತಲ್ಲೇ ನೆಟ್ಟಗಾದಳು. ಆ ಊರಲ್ಲಿ ಮನೆಗೊಂದು ಕರೆ. ಒಬ್ಬರ ಕರೆಗೆ ಇನ್ನೊಬ್ಬರ ಎಮ್ಮೆ ಕಿವಿಯನ್ನೂ ಅಲ್ಲಾಡಿಸದು. ಇದು ಅವಳ ಅವ್ವ ಕರೆಯುತ್ತಿದ್ದ ಕರೆ, ಇವತ್ತು ಬೆಳಿಗ್ಗೆ ಅವಳೇ ಕರೆದ ಕರೆ.

"ಅಪ್ಪ," ಅಂದಳು.

ಶಾಂಭವಿ "ಖರೇನ?" ಅನ್ನುವಷ್ಟರಲ್ಲಿ ಹಿತ್ತಲ ಬಾಗಿಲು ಧಡಾರನೆ ತೆರೆಯಿತು. ಹಗ್ಗ ಹರಿದುಕೊಂಡ ಎಮ್ಮೆ ಅಡುಗೆಮನೆಯೊಳಗೆ ತಲೆ ತೂರಿಸಿ, ಬಾಣಲೆಯನ್ನೇ ನೋಡುತ್ತ ನಿಂತಿತು.

ನೀಲವ್ವಜ್ಜಿ ಕಣ್ಣೊರೆಸಿಕೊಂಡು, ನಗುತ್ತ ಅದರ ಹಣೆ ತಿಕ್ಕಿ, ಅದಕ್ಕೇ ಹೇಳಿದಳು.

"ಅಂವ ಕರದದ್ದು ನಿಮ್ಮ ಮುತ್ತಜ್ಜಿನ್ನ, ಹುಚ್ಚಿ. ಇರ್ಲಿ, ನೀನರ ಬಂದೆಲ್ಲ."