ಹುಳದ ಕೋಣೆ

ಬ್ಲೀಚಿಂಗ್ ಪುಡಿ ಕಲಸಿದ ನೀರಿಗೆ ಕಾಲಿಟ್ಟ ಕೂಡಲೇ ಸಂಘಮಿತ್ರ ಮುಖ ಕಿವುಚಿದಳು. ಥೂ! ದಿನಾ ಬೆಳಗೆದ್ದು ಇದೇ ಕರ್ಮ. ಬಚ್ಚಲಿಗೆ ಹೋಗಬೇಕಾದರೆ ಈ ಬೇಸಿನ್ ದಾಟಲೇಬೇಕು. ಪಕ್ಕದಲ್ಲೇ ಆ ಕೋಣೆ, ಸದಾ ಮುಚ್ಚಿದ ಬಾಗಿಲು. ಅದರ ಹಿಂದೆ ಸಾವಿರಾರು ಬಿಳಿ ಹುಳ ಒಂದರ ಮೇಲೊಂದು ಮಿಜಿಗುಡುತ್ತಿವೆ ಎಂದು ನೆನೆದರೆ ಸಾಕು, ಮೈಯೆಲ್ಲ ಮುಳ್ಳೇಳುತ್ತಿತ್ತು.

"ಆ ಮಲ್ಲಿಗೆ ತೆಗೆದಿಟ್ಬಿಡಮ್ಮ," ಎಂದರು ಅತ್ತೆ ಶ್ಯಾಮಲಮ್ಮ, ಬಾಗಿಲಿಗೆ ಅಡ್ಡ ನಿಂತು. "ಹೂವು, ಪೌಡರು, ಸೆಂಟು ಯಾವ್ದೂ ಆಗಿಬರಲ್ಲ. ರೇಷ್ಮೆ ಹುಳ ಅಂದ್ರೆ ಹಸುಗೂಸು ಇದ್ದಂಗೆ. ನೀನು ಒಳಗೆ ಮಾತ್ರ ಬರ್ಬೇಡ ತಾಯಿ."

"ಬಾ ಅಂದ್ರೂ ಬರಲ್ಲ ಅತ್ತೆ!"

ಇಬ್ಬರೂ ನಕ್ಕರು. ಅವಳು ದಾಟಿ ಹೋದ ಮೇಲೆ ಅತ್ತೆ ಎಂದಿನಂತೆ ನೆಲಕ್ಕೆ ಇನ್ನೊಂದು ಚೊಂಬು ನೀರು ಸುರಿದು ಗುಡಿಸಿದರು.

ಗೌರಿಬಿದನೂರಿನ ಅಂಚೆ ಗುಮಾಸ್ತರ ಮಗಳಿಗೆ ರೇಷ್ಮೆಯೆಂದರೆ ಸೀರೆಯಷ್ಟೇ ಗೊತ್ತು. ಮೆಚ್ಚಿದ ಮುರಳಿಮೋಹನನನ್ನು ಮದುವೆಯಾಗಿ, ಬ್ಯಾಂಕಿನ ಕೆಲಸವನ್ನು ಶಿಡ್ಲಘಟ್ಟಕ್ಕೆ ವರ್ಗ ಮಾಡಿಸಿಕೊಂಡು ಬಂದು ಮೂರು ತಿಂಗಳು. ಬೀದಿಗೊಂದು ಕಡೆ ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಚರಂಡಿಯಲ್ಲಿ ಬೆಂದ ಹುಳದ ನೀರು ಗಬ್ಬೆಂದು ನಾರುತ್ತಿತ್ತು. ಮೂಗು ಮುಚ್ಚಿಕೊಂಡು ಮನೆಗೆ ಬಂದರೆ ಇಲ್ಲಿ ಇನ್ನೊಂದು ಅಧ್ವಾನ. ಮುಂದಿನ ಅರ್ಧ ಮನೆ ಒಡೆದು ಹೊಸದಾಗಿ ಕಟ್ಟುತ್ತಿದ್ದರು. ಹಾಸಿಗೆಯಲ್ಲಿ ಸಿಮೆಂಟು, ಬಾಯಲ್ಲಿ ಧೂಳು. ಹಳೆಯ ಅಡುಗೆಮನೆಯನ್ನೂ ಒಡೆದರಂತೆ. ಊಟ ಹಿತ್ತಲಿಗೆ ಅಂಟಿಕೊಂಡಿದ್ದ ನಾದಿನಿ ಸೌಜನ್ಯಳ ಮನೆಯಿಂದ ಬಿಸಿಬಿಸಿಯಾಗಿ ಬರುತ್ತಿತ್ತು.

ಆದರೂ ಅವಳು ಹಲ್ಲು ಕಚ್ಚಿಕೊಂಡಿದ್ದಳು. ಕಾರಣ ಅಪ್ಪ. "ಅವರು ಜಮೀನಿರೋ ದೊಡ್ಡ ಮಂದಿ, ನಾವು ಬುದ್ಧನ ಫೋಟೊ ಇಟ್ಕೊಂಡೋರು. ನಿನ್ನ ಮನೆಯೋಳು ಅಂತ ಒಪ್ತಾರೇನಮ್ಮ?" ಎಂದಿದ್ದರು. ಅವತ್ತೇ ಶ್ಯಾಮಲಮ್ಮ, "ಜಾತಿ ಗೀತಿ ನಮ್ಮನೇಲಿಲ್ಲ ಬೀಗರೇ," ಎಂದು ಎಲ್ಲರೆದುರು ಅವಳ ಕೈಗೆ ಬಳೆ ತೊಡಿಸಿದ್ದರು. ಮುಂದಿನ ತಿಂಗಳು ಗೃಹಪ್ರವೇಶ. ಅಪ್ಪನನ್ನು ಇವರ ಪಂಕ್ತಿಯಲ್ಲೇ ಕೂರಿಸಿ ಬಡಿಸುತ್ತೇನೆಂದು ಅವಳು ಮಾತು ಕೊಟ್ಟಿದ್ದಳು.

ಅತ್ತೆಯನ್ನು ದೂರಲು ಬಾಯಿ ಬರುತ್ತಿರಲಿಲ್ಲ. ಅವಳಿಗೆಂದೇ ಹೊಸ ತಟ್ಟೆ, ಹೊಸ ಲೋಟ ತಂದಿದ್ದರು. "ಹುಳ ಮುಟ್ಟೋ ಕೈಲಿ ತೊಳೆದ ಪಾತ್ರೆ ನಿಂಗ್ಯಾಕಮ್ಮ? ನೀನೇ ತೊಳ್ಕೊ. ನಾವು ಎಲೆ ಹಾಕಿ ಆಮೇಲೆ ಉಣ್ತೀವಿ." ಮುಂಭಾಗದಲ್ಲಿ ಏಳುತ್ತಿದ್ದ ಅಡುಗೆಮನೆಯೂ ನಿನಗೇ ಅಂದಿದ್ದರು. ಮುರಳಿ ಕೂಡ ಎಲೆ ಹಾಕಲೆಂದು ಮಧ್ಯಾಹ್ನ, ಸಂಜೆ ಆ ಕೋಣೆ ಸೇರುತ್ತಿದ್ದ. ಹೊರಗೆ ಬಂದವನ ಕೈ ತನ್ನ ಕೈಗೆ ತಾಕಿದರೆ ಅವಳು ಸರಕ್ಕನೆ ಎಳೆದುಕೊಳ್ಳುತ್ತಿದ್ದಳು. ಆಮೇಲೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು. ಇಷ್ಟು ಒಳ್ಳೆಯವರನ್ನು ಕಂಡು ಅಸಹ್ಯಪಡುತ್ತೇನಲ್ಲ, ನಾನೆಂಥವಳು!

ಅತ್ತೆಯ ಶುದ್ಧವಂತೂ ಶುದ್ಧ. ಆ ಕೋಣೆಯ ಮುಂದೆ ಹಿಪ್ಪುನೇರಳೆ ಎಲೆಯ ಒಂದು ಚೂರೂ ಬಿದ್ದಿರುತ್ತಿರಲಿಲ್ಲ. ಬ್ಯಾಂಕಿನಲ್ಲಿ ಅವಳು ಅದನ್ನು ಹೊಗಳಿದ್ದೂ ಉಂಟು. ಸೌಜನ್ಯ ಮಾತ್ರ ಮುಡಿ ತುಂಬ ಮಲ್ಲಿಗೆ ಮುಡಿದೇ ಒಳಗೆ ಹೋಗುತ್ತಿದ್ದಳು. ಹುಟ್ಟಿದ ಮನೆಯ ಹುಳಕ್ಕೆ ಅವಳ ವಾಸನೆ ಅಭ್ಯಾಸವಾಗಿರಬೇಕು ಎಂದುಕೊಂಡು ಸಂಘಮಿತ್ರ ನಕ್ಕಿದ್ದಳು.

ಆ ಭಾನುವಾರ ಮಧ್ಯಾಹ್ನ ಪೇಂಟರ್ ಬಯ್ಯಪ್ಪ ಆ ಕೋಣೆಯ ಹಿಂದಿನ ಮುಚ್ಚಿದ ಕಿಟಕಿಗೆ ಬಣ್ಣ ಬಳಿಯುತ್ತಿದ್ದ. ಟರ್ಪೆಂಟೈನ್ ವಾಸನೆ ಗಂಟಲಿಗೆ ಅಡರುತ್ತಿತ್ತು.

"ಸ್ವಲ್ಪ ಜೋಪಾನಪ್ಪ, ಒಳಗೆ ರೇಷ್ಮೆ ಹುಳ ಇದಾವೆ," ಎಂದಳು ಸಂಘಮಿತ್ರ.

ಬಯ್ಯಪ್ಪನ ಬ್ರಷ್ಷು ಅಲ್ಲೇ ನಿಂತಿತು. "ಹುಳಾನಾ? ಅಯ್ಯೋ ದೇವುಡಾ! ಮೊದ್ಲೇ ಹೇಳ್ಬಾರ್ದಾ ಅಮ್ಮ? ನಮ್ಮೂರಲ್ಲಿ ಹುಳದ ಮನೆ ಹತ್ರ ಬೀಡಿ ಸೇದಕ್ಕೂ ಬಿಡಲ್ಲ. ಈ ಪೇಂಟ್ ವಾಸನೆಗೆ ಒಂದೂ ಉಳಿಯಲ್ಲ! ದೊಡ್ಡಮ್ಮೋರೇ ಬಳಿ ಅಂದಿದ್ದು, ಮೂರು ದಿನದಿಂದ ಬಳೀತಿದೀನಿ!"

ಅವಳು ಮುಚ್ಚಿದ ಕಿಟಕಿಯತ್ತ ನೋಡಿದಳು. ಪಾಪ, ಅತ್ತೆಗೆ ಮನೆ ಕೆಲಸದ ಗಡಿಬಿಡಿಯಲ್ಲಿ ಹೊಳೆದಿಲ್ಲ. ಹಸುಗೂಸಿನಂತೆ ಸಾಕಿದ ಹುಳ! ಒಂದು ದಿನವಾದರೂ ಈ ಮನೆಗೆ ಒದಗಿ ಬರಬೇಕು. ಇವತ್ತು ಬರದಿದ್ದರೆ ಇನ್ನು ಯಾವಾಗ?

ಓಡಿದಳು. ಅವಸರದಲ್ಲೂ ನಿಯಮ ಮರೆಯಲಿಲ್ಲ. ಬೇಸಿನ್ನಿನಲ್ಲಿ ಎರಡೂ ಕಾಲು ಅದ್ದಿದಳು, ಜಡೆಯ ಮಲ್ಲಿಗೆ ಕಿತ್ತೆಸೆದಳು. ವಾಂತಿಯಾದರೆ ಆಗಲಿ, ಬೊಗಸೆಯಲ್ಲಿ ಬಾಚಿಯಾದರೂ ಹೊರಗೆ ತರುತ್ತೇನೆ ಎಂದುಕೊಂಡು, ಉಸಿರು ಬಿಗಿಹಿಡಿದು ಬಾಗಿಲು ತಳ್ಳಿದಳು.

ಬೆಳ್ಳುಳ್ಳಿ ಒಗ್ಗರಣೆಯ ಘಮ ಮುಖಕ್ಕೆ ಬಡಿಯಿತು. ಮನೆಮಂದಿಯೆಲ್ಲ ಸಾಲಾಗಿ ಊಟಕ್ಕೆ ಕೂತಿದ್ದರು. ಮುರಳಿ ಎತ್ತಿದ ಮುದ್ದೆಯ ತುತ್ತು ಬಾಯಿಗೆ ಹೋಗದೆ ಹಾಗೇ ನಿಂತಿತು. ಸೌಜನ್ಯ ಸಾರಿನ ಪಾತ್ರೆಗೆ ದಡಕ್ಕನೆ ಮುಚ್ಚಳ ಹಾಕಿದಳು. ಶ್ಯಾಮಲಮ್ಮ ಎದ್ದು, ಒಲೆಗೂ ದೇವರ ಪಟಕ್ಕೂ ಅಡ್ಡವಾಗಿ ಎರಡೂ ಕೈ ಚಾಚಿದರು.

"ಅಲ್ಲೇ ನಿಂತ್ಕೊ! ಹೊಸ್ತಿಲು ದಾಟ್ಬೇಡ!"

ಆ ಮನೆಯಲ್ಲಿ ಯಾರೂ ಎಂದೂ ರೇಷ್ಮೆ ಹುಳ ಸಾಕಿರಲಿಲ್ಲ.