ಗಜನಿ ಗದ್ದೆಗೆ ಆನೆ ಬೇಲಿ

“ಗಜ ಅಂದರೆ ಆನೆ. ಗಜನಿ ಅಂದರೆ ಆನೆ ನುಗ್ಗುವ ಗದ್ದೆ. ಸರಿ ತಾನೆ?” ಹೊನ್ನುವಿನ ಅರ್ಜಿಯ ಮೇಲೆ ಪೆನ್ನಿನಿಂದ ಕುಟ್ಟುತ್ತ ಕಿಶನ ಸಾಹೇಬರು ಕೇಳಿದರು.

ಕಾರವಾರದ ಜೌಗುಭೂಮಿ ಕೋಶಕ್ಕೆ ಅವರು ಬೀದರದಿಂದ ವರ್ಗವಾಗಿ ಬಂದು ಎರಡು ತಿಂಗಳಾಗಿತ್ತು. ಅದರಲ್ಲಿ ಹದಿನೈದು ದಿನ ಆಫ್ರಿಕಾದ ಒಕವಾಂಗೋ ಜೌಗಿನಲ್ಲಿ ತರಬೇತಿ. ಗೋಡೆಯ ಮೇಲೆ ಹೊಟ್ಟೆಯವರೆಗೆ ನೀರಲ್ಲಿ ನಿಂತ ಆನೆಗಳ ಫೋಟೋ. ಅದರ ಮೂಲೆಯಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ ಸಾಹೇಬರು.

ಹೊನ್ನು ಅಂಕೋಲೆಯ ಹೊಳೆಯಂಚಿನವಳು. ಉಬ್ಬರದ ಉಪ್ಪುನೀರಿಗೆ ಮಣ್ಣಿನ ಕಟ್ಟೆ ಅಡ್ಡ ಹಾಕಿ ಭತ್ತ ಬೆಳೆಯುವ ಗದ್ದೆಗೆ ಆ ಕಡೆ ಗಜನಿ ಎನ್ನುತ್ತಾರೆ. ಅವಳ ಗಜನಿಯ ಕಟ್ಟೆ ಒಡೆದಿತ್ತು. ಎಂಟು ದಿನಕ್ಕೆ ಅಮಾವಾಸ್ಯೆ. ಅಷ್ಟರೊಳಗೆ ಕಟ್ಟದಿದ್ದರೆ ದೊಡ್ಡ ಭರತಿಯ ಉಪ್ಪುನೀರು ನುಗ್ಗಿ ವರ್ಷದ ಅಕ್ಕಿ ಹೋದಂತೆ.

“ಆನೆ ಅಲ್ಲ ಸಾಹೇಬ್ರೆ...” ಎನ್ನುವಷ್ಟರಲ್ಲಿ ಗುಮಾಸ್ತೆ ವೈಜಯಂತಿ ಅವಳ ರಟ್ಟೆ ಹಿಡಿದು ಬಾಗಿಲಾಚೆ ಎಳೆದಳು.

“ಸುಮ್ನಿರೇ ಹೊನ್ನಕ್ಕ. ಕಟ್ಟೆ ಅಂದ್ರೆ ಅರ್ಜಿ ಕಪಾಟಿಗೆ ಹೋಗ್ತದೆ. ಆನೆಗಾದ್ರೆ ತಡೆಗೋಡೆ ಕಟ್ಟೂಕೆ ಅನುದಾನ ಬಂದದೆ. ಗೋಡೆ ಗೋಡೆಯೇ ಅಲ್ವಾ?”

“ಹುಟ್ಟಿದ್ಮೇಲೆ ನಾ ಆನೆ ಕಂಡದ್ದು ಗಣಪ್ತಿ ಮುಖದಾಗೇಯಾ ತಂಗಿ.”

“ಆನೆ ಅನ್ನಬೇಡ. ನೀರಿನ ಸುದ್ದಿಯೇ ಹೇಳು. ‘ನೀರು’ ಅನ್ನೂ ಮಾತೊಂದು ಬಿಡು.”

ಹೊನ್ನು ಒಳಗೆ ಬಂದಳು.

“ಯಾವಾಗ ಬರುತ್ತವೆ?”

“ಅಮಾಸೆ, ಹುಣ್ಣಿಮೆಗೆ ಜೋರು.”

“ಹಗಲೋ, ರಾತ್ರಿಯೋ?”

“ದಿನಕ್ಕೆ ಎರಡು ಸಲ.”

“ಬಂದು?”

“ಗದ್ದೆಯೆಲ್ಲ ತಿರ್ಗಿ ಮತ್ತೆ ಹೊಳೆಗೇ ಹೋಗ್ತದೆ.”

“ಒಕವಾಂಗೋದಲ್ಲೂ ಥೇಟ್ ಹೀಗೇ!” ಸಾಹೇಬರು ಕುರ್ಚಿಯಿಂದ ಎದ್ದೇ ಬಿಟ್ಟರು. “ಅಲ್ಲಿ ಗೋಡೆಗೀಡೆ ಇಲ್ಲ. ಮೆಣಸಿನ ಬೇಲಿ! ಆನೆಗೆ ಘಾಟು ಆಗುವುದಿಲ್ಲ.”

ವೈಜಯಂತಿ ಕೆಮ್ಮಿದಳು. “ಸರ್, ಗೋಡೆಯಾದ್ರೆ ಗಟ್ಟಿ...”

“ಗೋಡೆ ಹಳೇ ಪದ್ಧತಿ ಕಣ್ರೀ.”

ಮೂರನೇ ದಿನಕ್ಕೆ ಜೀಪು ಬಂತು. ಮೆಣಸಿನಪುಡಿ ಕಲಸಿದ ಹಳೇ ಎಂಜಿನ್ ಆಯಿಲಿನಲ್ಲಿ ಬಟ್ಟೆಚೂರು ಅದ್ದಿ, ಹಗ್ಗಕ್ಕೆ ಕಟ್ಟಿ, ಗದ್ದೆಯ ಸುತ್ತ ಎಳೆದರು. ಕಟ್ಟೆ ಒಡೆದ ಜಾಗಕ್ಕೆ ಮುತುವರ್ಜಿಯಿಂದ ಎರಡು ಸಾಲು. ಹೊನ್ನು ಅಲ್ಲೇ ಬುಟ್ಟಿ ಬುಟ್ಟಿ ಮಣ್ಣು ಸುರಿದಳು; ಸುರಿದದ್ದನ್ನೆಲ್ಲ ಹೊಳೆ ಒಯ್ದಿತು. ಅಮಾವಾಸ್ಯೆಯ ದಿನ ಭರತಿ ಬಂತು. ಅದಕ್ಕೆ ಘಾಟು ತಾಗಲಿಲ್ಲ.

ತಿಂಗಳ ಮೇಲೆ ಸಾಹೇಬರು ಕ್ಯಾಮೆರಾದವನೊಡನೆ ಪರಿಶೀಲನೆಗೆ ಬಂದರು. ಭತ್ತ ಸುಟ್ಟ ಹಾಗೆ ನಿಂತಿತ್ತು. ಬುಡದಲ್ಲಿ ಉಪ್ಪು ಬೆಳ್ಳಗೆ ಕಟ್ಟಿತ್ತು. ಅವರು ಹಗ್ಗ ಜಗ್ಗಿ ನೋಡಿದರು, ಬಗ್ಗಿ ಹೆಜ್ಜೆ ಗುರುತು ಹುಡುಕಿದರು.

“ಆಮೇಲೆ ಒಂದಾದರೂ ಆನೆ ಬಂತೇನಮ್ಮ?”

“ಇಲ್ಲ ಸಾಹೇಬ್ರೆ.” ಹೊನ್ನು ಒಂದು ತೆನೆ ಕಿತ್ತು ಉಜ್ಜಿ, ಬಂದ ಹೊಟ್ಟನ್ನು ಅವರ ಅಂಗೈಗೆ ಸುರಿದಳು. “ಬಂದ್ರೆ ತಿನ್ನೂಕೆ ಎಂತಾ ಉಳ್ದದೆ ಹೇಳಿ?”