ಟೇಕಲ್ ಸ್ಟೇಷನ್ನಿಗೆ ಓಡಿದ್ದು

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆಗೆ ಈಗಲೂ ನನ್ನ ಎದೆ ಬಡಿತ ಜೋರಾಗುತ್ತದೆ.

ಆ ಮಧ್ಯಾಹ್ನ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದೆ. ಪಕ್ಕದ ಮನೆಯ ಅತ್ತೆ ಬಾಗಿಲಲ್ಲಿ ನಿಂತು, "ಲೇ, ನಿಮ್ಮಕ್ಕ ಗಂಡನ ಮನೆಗೆ ಹೊರಟ್ಲು ಕಣೇ. ನೀನು ಅಳ್ತೀಯಾಂತ ನಿಂಗೆ ಹೇಳ್ದೇನೇ ಸ್ಟೇಷನ್‌ಗೆ ಹೋದ್ಲು," ಅಂದರು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅಕ್ಕ. ಆದರೂ ಹುಳುಗಳನ್ನು ಹಸಿವಿನಲ್ಲಿ ಬಿಟ್ಟು ಏಳುವುದು ಪಾಪವೆಂದು, ಕೊನೆಯ ತಟ್ಟೆಗೂ ಸೊಪ್ಪು ಹಾಕಿಯೇ ಓಡಿದೆ.

ಸ್ಟೇಷನ್ ಮುಟ್ಟಿದಾಗ ರೈಲು ದೂರ ಹೋಗಿತ್ತು. ಮೀನಖಂಡ ನಡುಗುತ್ತಿತ್ತು. ಗಂಟಲಲ್ಲಿ ಕಬ್ಬಿಣ ನೆಕ್ಕಿದ ರುಚಿ, ಕಿವಿಯ ತುಂಬ ನನ್ನ ಎದೆಯದೇ ಸದ್ದು. ನಲ್ಲಿಗೆ ಬಾಯಿಡಲು ಹೋದರೆ, ಅಕ್ಕನನ್ನು ರೈಲು ಹತ್ತಿಸಿ ಅಲ್ಲೇ ನಿಂತಿದ್ದ ನಮ್ಮಜ್ಜಿ ತೋಳು ಹಿಡಿದಳು.

"ಓಡಿ ಬಂದೋಳು ತಕ್ಷಣ ನೀರು ಕುಡೀಬಾರ್ದು. ಉಸಿರು ಇಳೀಲಿ."

ನನ್ನ ಎದೆಯ ಮೇಲೆ ಅಂಗೈಯಿಟ್ಟಳು. "ನೋಡು, ತಾನಾಗೇ ಇಳೀತೈತೆ. ದೇವ್ರು ದೊಡ್ಡೋನು."

ನಿಜಕ್ಕೂ ಬಡಿತ ಇಳಿಯಿತು. ಅಷ್ಟಾದರೂ ಕರುಣಿಸಿದ.

"ಅಕ್ಕ ನನ್ನ ಕೇಳಿದ್ಲಾ ಅಜ್ಜಿ?"

"ಬಾಯಿಬಿಟ್ಟು ಕೇಳ್ಲಿಲ್ಲ. ಗಾಡಿ ಹೊರಡೋವರ್ಗೂ ರಸ್ತೇನೇ ನೋಡ್ತಿದ್ಲು."

ಮನೆಗೆ ಬಂದು, ಅದುವರೆಗೆ ಅಕ್ಕನೇ ಮಾಡುತ್ತಿದ್ದ ಹಾಗೆ, ಮುದ್ದೆಗೆ ಎಸರಿಟ್ಟೆ.